ಟ್ರಾಂ ಮದ್ರಾಸಿನದು, ಮದುವೆ ಕೋಲಾರದ್ದು

ಮಾನ್ಯ ಓದುಗರೇ,

ನಿಮ್ಮ ಪತ್ರವೂ ಅದರ ಜೊತೆಗಿದ್ದ ಎರಡು ಛಾಯಾಚಿತ್ರಗಳ ಪ್ರತಿಗಳೂ ತಲುಪಿವೆ. ಕೋಲಾರದ ನಿಮ್ಮ ಮನೆಯ ಅಟ್ಟದ ಮೇಲಿದ್ದ ಟ್ರಂಕಿನಲ್ಲಿ ಇವು ಸಿಕ್ಕವು ಎಂದಿದ್ದೀರಿ. ಮೊದಲನೆಯದರಲ್ಲಿ ಕಾಣುವ ಟ್ರಾಂ ನಮ್ಮೂರಿನಲ್ಲೇ ಓಡುತ್ತಿತ್ತೆಂದು ನಿಮ್ಮ ತಾತನವರು ಹೇಳುತ್ತಿದ್ದರಂತೆ. ಹಿಂದೆ ಕಾಣುವ ಗಡಿಯಾರದ ಕಟ್ಟಡ ಕೋಲಾರದ ಕ್ಲಾಕ್ ಟವರಿನ ಹಳೆಯ ರೂಪವಿರಬೇಕು ಎಂಬುದು ನಿಮ್ಮ ಊಹೆ. ‘ಟ್ರಾಂ ಓಡಿದ ಕೋಲಾರ’ ಎಂಬ ತಲೆಬರಹದಲ್ಲಿ ಅದನ್ನು ಅಚ್ಚು ಹಾಕುವಂತೆ ಕೇಳಿದ್ದೀರಿ. ಎರಡನೆಯ ಚಿತ್ರದ ಬಗ್ಗೆ ‘ಅದು ಬರೀ ಮದುವೆ ಮೆರವಣಿಗೆ, ಬೇಕಿದ್ದರೆ ನೋಡಿ’ ಎಂದು ಒಂದೇ ಸಾಲು ಬರೆದು ಬಿಟ್ಟಿದ್ದೀರಿ.

ಆ ತಲೆಬರಹದಲ್ಲಿ ನಾವು ಚಿತ್ರವನ್ನು ಪ್ರಕಟಿಸಲಾರೆವು. ಕೋಲಾರದಲ್ಲಿ ಟ್ರಾಂ ಓಡಿರಲಿಲ್ಲ. ಬೆಂಗಳೂರಿನಲ್ಲೇ ಓಡಿರಲಿಲ್ಲ. ಕಲ್ಕತ್ತೆಯಲ್ಲಿ 1873ರಲ್ಲಿ, ಮುಂಬಯಿಯಲ್ಲಿ 1874ರಲ್ಲಿ ಕುದುರೆ ಎಳೆಯುವ ಟ್ರಾಂ ಬಂತು. ದೇಶದ ಮೊದಲ ವಿದ್ಯುತ್ ಟ್ರಾಂ 1895ರಲ್ಲಿ ಮದ್ರಾಸಿನಲ್ಲಿ ಓಡಿತು. ಆಗ ಮೈಸೂರು ಸಂಸ್ಥಾನದಲ್ಲಿ ವಿದ್ಯುತ್ತಿನ ಸರಬರಾಜೇ ಇರಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೆಜಿಎಫ್‌ಗೆ ತಲುಪಿದ್ದು ಚಿನ್ನದ ಗಣಿಗಳ ಯಂತ್ರ ನಡೆಸಲೆಂದು. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು 1905ರಲ್ಲಿ. ಆಮೇಲೂ ಬೆಂಗಳೂರಿಗರು ಜಟಕಾದಲ್ಲಿ ಓಡಾಡಿ, 1940ರಲ್ಲಿ ನಗರ ಸಾರಿಗೆಯ ಕಂಪನಿ ಶುರುವಾದ ಮೇಲೆ ಅದರ ಬಸ್ ಹತ್ತಿದರು. ನಡುವೆ ಟ್ರಾಂ ಎಂಬ ಮೆಟ್ಟಿಲೇ ಇರಲಿಲ್ಲ.

ಹಾಗಾದರೆ ನಿಮ್ಮ ಚಿತ್ರ ಎಲ್ಲಿಯದು? ಉತ್ತರ ಚಿತ್ರದಲ್ಲೇ ಇದೆ. ಟ್ರಾಂ ಒಂದೇ ಅಂತಸ್ತಿನದು, ಮೇಲೆ ತಂತಿ ಇದೆ. ಬಲಗಡೆ ಅಂಗಡಿಯ ಹಲಗೆಯಲ್ಲಿ ತಮಿಳು ಅಕ್ಷರಗಳಿವೆ. ಅಷ್ಟರಿಂದಲೇ ಮದ್ರಾಸು ಎನ್ನಲಾಗದು, ಏಕೆಂದರೆ ಕೆಜಿಎಫ್‌ನ ಬೀದಿಗಳಲ್ಲೂ ತಮಿಳು ಹಲಗೆಗಳು ಧಾರಾಳವಾಗಿ ಇದ್ದವು. ಚಿತ್ರದಲ್ಲಿ ಬೆಟ್ಟದ ಸುಳಿವೇ ಇಲ್ಲ ಎಂಬುದೂ ಸಾಲದು, ಕ್ಯಾಮೆರಾ ಊರಿನ ಪಕ್ಕದ ಅಂತರಗಂಗೆ ಬೆಟ್ಟಕ್ಕೆ ಬೆನ್ನು ಹಾಕಿದ್ದಿರಬಹುದು. ಗಟ್ಟಿ ಸಾಕ್ಷಿ ಎಂದರೆ ಗಡಿಯಾರದ ಕಟ್ಟಡ. ನಮ್ಮ ಕ್ಲಾಕ್ ಟವರ್ ಒಂಟಿಯಾಗಿ ನಿಂತ ಗೋಪುರ. ಚಿತ್ರದಲ್ಲಿರುವುದು ಉದ್ದನೆಯ ಬಿಳಿ ಕಟ್ಟಡ, ಗಡಿಯಾರದ ಗೋಪುರ ಅದರ ನಡುವಿನಿಂದಲೇ ಮೇಲೆದ್ದಿದೆ. ಅದು ಮದ್ರಾಸ್ ನಗರಪಾಲಿಕೆಯ ರಿಪ್ಪನ್ ಕಟ್ಟಡ, 1913ರಲ್ಲಿ ತೆರೆದದ್ದು. ಅದರ ಈಚೆಗೆ ಕಮಾನುಗಳಿರುವ, ಗಾಢ ಬಣ್ಣಕ್ಕೆ ಕಾಣುವ ಇಟ್ಟಿಗೆಯ ಕಟ್ಟಡ ಮೂರ್ ಮಾರ್ಕೆಟ್. ಮದ್ರಾಸಿನ ಟ್ರಾಂ ಸಂಚಾರ 1953ರ ಏಪ್ರಿಲ್‌ನಲ್ಲಿ ನಿಂತುಹೋಯಿತು. ಅಲ್ಲಿಗೆ ನಿಮ್ಮ ಚಿತ್ರ 1913ಕ್ಕಿಂತ ಹಳೆಯದಲ್ಲ, 1953ಕ್ಕಿಂತ ಹೊಸದಲ್ಲ.

ಈ ಚಿತ್ರದ ಬೆಲೆ ಕಡಿಮೆಯಾಯಿತೆಂದು ದಯವಿಟ್ಟು ಭಾವಿಸಬೇಡಿ. 1900ರಲ್ಲಿ ತೆರೆದ ಮೂರ್ ಮಾರ್ಕೆಟ್ 1985ರ ಮೇ ತಿಂಗಳಲ್ಲಿ ಬೆಂಕಿಗೆ ಆಹುತಿಯಾಯಿತು, ಆ ಜಾಗದಲ್ಲಿ ಈಗ ರೈಲ್ವೆಯ ಕಟ್ಟಡವಿದೆ. ಇಲ್ಲದ ಕಟ್ಟಡವೂ ಇಲ್ಲದ ವಾಹನವೂ ಒಂದೇ ಚೌಕಟ್ಟಿನಲ್ಲಿ ನಿಮ್ಮ ಮನೆಯಲ್ಲಿವೆ. ಅವು ನಿಮ್ಮ ಟ್ರಂಕಿಗೆ ಬಂದ ದಾರಿಯೂ ಸಹಜವಾದದ್ದೇ. ಬೌರಿಂಗ್‌ಪೇಟೆ, ಅಂದರೆ ಇಂದಿನ ಬಂಗಾರಪೇಟೆ, ಇರುವುದು ಬೆಂಗಳೂರು–ಮದ್ರಾಸ್ ರೈಲು ಮಾರ್ಗದಲ್ಲಿ. ನಮ್ಮ ಸೀಮೆಯವರು ವ್ಯಾಪಾರಕ್ಕೆ, ಆಸ್ಪತ್ರೆಗೆ, ಕಾಲೇಜಿಗೆ ಬೆಂಗಳೂರಿಗೆ ಹೋದಷ್ಟೇ ಸಲೀಸಾಗಿ ಮದ್ರಾಸಿಗೂ ಹೋಗುತ್ತಿದ್ದರು. ಸೆಂಟ್ರಲ್ ನಿಲ್ದಾಣದಲ್ಲಿ ಇಳಿದು ಹೊರಗೆ ಬಂದರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಇದೇ ನೋಟ.

ಇನ್ನು ತಾತನವರ ಮಾತು. ಅವರು ಸುಳ್ಳು ಹೇಳಿದರೆಂದು ನನಗೆ ಅನ್ನಿಸುವುದಿಲ್ಲ. ಕೋಲಾರಕ್ಕೆ ಟ್ರಾಮಿನಷ್ಟೇ ಪುಟ್ಟದಾದ ಒಂದು ರೈಲು ಇತ್ತು. ಹಳಿಗಳ ನಡುವೆ ಬರೀ ಎರಡೂವರೆ ಅಡಿ ಅಂತರ. 1913ರಲ್ಲಿ ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ ಆ ನ್ಯಾರೋಗೇಜ್ ಬಂತು. ಮುಂದೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಮುಟ್ಟಿಕೊಂಡು ಚಿಕ್ಕಬಳ್ಳಾಪುರದ ತನಕ ಸಾಗಿತು. ಅತ್ತ ಬೆಂಗಳೂರಿನ ಕಡೆಯಿಂದ ಯಲಹಂಕ, ದೇವನಹಳ್ಳಿ, ನಂದಿ ದಾಟಿ ಬಂದ ಹಳಿ 1915ರಲ್ಲಿ ಚಿಕ್ಕಬಳ್ಳಾಪುರ ಸೇರಿತ್ತು. ನಂತರದ ದಿನಗಳಲ್ಲಿ ಕೋಲಾರಕ್ಕೂ ಬಂಗಾರಪೇಟೆಗೂ ನಡುವೆ ರೈಲ್ ಬಸ್ ಓಡಿದ್ದನ್ನು ನೆನೆಯುವವರು ಇಂದಿಗೂ ಬೇಕಾದಷ್ಟು ಜನ ಇದ್ದಾರೆ. ರೈಲು ಎನ್ನಲು ಚಿಕ್ಕದು, ಬಸ್ ಎನ್ನಲು ಹಳಿಯ ಮೇಲಿನದು. ಮದ್ರಾಸಿನಲ್ಲಿ ಟ್ರಾಂ ನೋಡಿ ಬಂದವರು ಊರಿನ ಇಂಥ ಗಾಡಿಗೂ ಅದೇ ಹೆಸರು ಕೊಟ್ಟಿದ್ದರೆ ಆಶ್ಚರ್ಯವಿಲ್ಲ. ಕೆಜಿಎಫ್‌ನಲ್ಲಂತೂ ಅದಿರು ಸಾಗಿಸುವ ತೊಟ್ಟಿಗಾಡಿಗಳಿಗೂ ಹಳಿಗಳಿದ್ದವು.

ಆ ಪುಟ್ಟ ರೈಲಿನ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ಹಳಿ ಬ್ರಾಡ್‌ಗೇಜ್ ಆಯಿತು, ಕೋಲಾರ–ಚಿಕ್ಕಬಳ್ಳಾಪುರ ಭಾಗದ ಕೆಲಸ ಮುಗಿದದ್ದು 2013ರಲ್ಲಿ. ಬದಲಾವಣೆ ಬೇಕಾಗಿತ್ತು, ಅದಕ್ಕೆ ತಕರಾರಿಲ್ಲ. ನಂದಿ ಹಾಲ್ಟ್‌ನಂಥ ಹೆಂಚಿನ ನಿಲ್ದಾಣಗಳು ಉಳಿದಿರುವುದು ನಮ್ಮ ಭಾಗ್ಯ. ಆದರೆ ಹೊಗೆಯುಗುಳುವ ಎಂಜಿನ್ನಿನ ಚಿತ್ರಗಳನ್ನು ಆಸ್ಥೆಯಿಂದ ತೆಗೆದು ಜೋಪಾನ ಮಾಡಿದವರಲ್ಲಿ ವಿದೇಶಿ ರೈಲು ಹವ್ಯಾಸಿಗಳೇ ಮುಂದು. ಅವರು ಎಂಜಿನ್ ನೋಡಿದರು. ಕಿಟಕಿಯಲ್ಲಿ ಮಾವಿನ ಬುಟ್ಟಿ ಹಿಡಿದು ಕುಳಿತ ಶ್ರೀನಿವಾಸಪುರದವರ ಚಿತ್ರ, ಪ್ಲಾಟ್‌ಫಾರ್ಮಿನಲ್ಲಿ ರೇಷ್ಮೆಗೂಡಿನ ಮೂಟೆಗೆ ಒರಗಿ ನಿಂತ ಶಿಡ್ಲಘಟ್ಟದವರ ಚಿತ್ರ ಇದ್ದರೆ ಅದು ನಮ್ಮ ಮನೆಗಳಲ್ಲೇ ಇರಬೇಕು.

ಈಗ ನಿಮ್ಮ ಎರಡನೆಯ ಚಿತ್ರ. ಕಚೇರಿಯಲ್ಲಿ ನಾವೆಲ್ಲ ಸುತ್ತ ಕೂಡಿ ಭೂತಗಾಜು ಹಿಡಿದು ನೋಡಿದ್ದು ಇದನ್ನು. ಕೋಲಾರದ ಬೀದಿಯನ್ನು ಬೀದಿಗೋಸ್ಕರ ಕ್ಯಾಮೆರಾದಲ್ಲಿ ಹಿಡಿದವರು ವಿರಳ, ಅಷ್ಟು ದುಡ್ಡು ಯಾರಲ್ಲಿತ್ತು? ಮದುಮಗನನ್ನು ಹಿಡಿಯಲು ಹೋದಾಗ ಬೀದಿ ತಾನಾಗಿ ಒಳಬಂದಿದೆ. ಓಲಗದವರ ಹಿಂದೆ ಮಾಳಿಗೆಯ ಮನೆಯೊಂದಿದೆ, ಮರದ ಕೈಪಿಡಿಯ ಮೊಗಸಾಲೆ, ಕೆಳಗೆ ಮಡಚುವ ಹಲಗೆಬಾಗಿಲಿನ ಅಂಗಡಿಸಾಲು. ಎಡಗಡೆ ಹೋಟೆಲೊಂದರ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ತಿಂಡಿಯ ದರ ಆಣೆಯಲ್ಲಿದೆ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಅದರ ನಂತರವೂ ಜನರ ಬಾಯಲ್ಲಿ ನಾಲ್ಕಾಣೆ, ಎಂಟಾಣೆ ಉಳಿದವಾದ್ದರಿಂದ ಇದನ್ನೇ ಕೊನೆಯ ಮಾತೆನ್ನಲಾರೆ. ಆದರೆ ಹಲಗೆಯಲ್ಲಿ ಒಂದಾಣೆ ಮೂರು ಕಾಸು ಎಂಬಂಥ ದರವಿದ್ದರೆ ಸಂಶಯ ಬಹುಮಟ್ಟಿಗೆ ನೀಗುತ್ತದೆ. ಇನ್ನೊಬ್ಬರ ಮನೆಯ ಚಿತ್ರದಲ್ಲಿ ‘ನಯಾಪೈಸೆ’ ಎಂದು ಕಂಡರೆ ಅದು 1957ರಿಂದ 1964ರ ಒಳಗಿನದು ಎನ್ನಲು ಅಡ್ಡಿಯಿಲ್ಲ, 1964ರಲ್ಲಿ ‘ನಯಾ’ ಎಂಬುದನ್ನು ಕೈಬಿಡಲಾಯಿತು. ರೈಲ್ವೆ ಡಬ್ಬಿಯ ಮೇಲೆ ಮೈಸೂರು ಸಂಸ್ಥಾನದ ರೈಲ್ವೆಯ ಗುರುತಿದ್ದರೆ ಆ ಬಣ್ಣ ಹಚ್ಚಿದ್ದು 1951ಕ್ಕೆ ಮುಂಚೆ, ಆ ವರ್ಷ ಅದು ದಕ್ಷಿಣ ರೈಲ್ವೆಗೆ ಸೇರಿತು. ಸರ್ಕಾರಿ ಹಲಗೆಯಲ್ಲಿ ‘ಕರ್ನಾಟಕ’ ಎಂದಿದ್ದರೆ 1973ರ ನವೆಂಬರ್ ನಂತರದ್ದು. ಉಡುಪು, ಕೇಶಶೈಲಿ ನೋಡಿ ಮಾತ್ರ ಇಸವಿ ಹೇಳಬೇಡಿ, ನಮ್ಮೂರುಗಳಲ್ಲಿ ಒಂದು ಕೋಟು ಮೂರು ಮದುವೆ ಕಂಡಿರುತ್ತದೆ.

ಆ ಮಾಳಿಗೆಮನೆ ಈಗ ಇಲ್ಲವೆಂದೂ, ಅದು ಯಾವ ಬೀದಿಯಲ್ಲಿತ್ತೆಂದು ಮನೆಯಲ್ಲಿ ಯಾರಿಗೂ ಖಚಿತವಿಲ್ಲವೆಂದೂ ಬರೆದಿದ್ದೀರಿ. ಅದನ್ನು ಹುಡುಕುವ ಉಪಾಯ ನಿಮ್ಮ ಟ್ರಂಕಿನಲ್ಲೇ ಇರಬಹುದು. ಚಿತ್ರಗಳ ಜೊತೆ ಹಳೆಯ ಕ್ರಯಪತ್ರಗಳಿವೆಯೇ? ಅವುಗಳ ಚಕ್ಕುಬಂದಿಯನ್ನು ಓದಿ. ಪೂರ್ವಕ್ಕೆ ಇಂಥವರ ಮಳಿಗೆ, ಪಶ್ಚಿಮಕ್ಕೆ ಛತ್ರದ ಗೋಡೆ, ಉತ್ತರಕ್ಕೆ ಸರ್ಕಾರಿ ರಸ್ತೆ, ದಕ್ಷಿಣಕ್ಕೆ ಇಂಥವರ ಹಿತ್ತಲು ಎಂದು ಬರೆದವರಿಗೆ ಚರಿತ್ರೆ ಬರೆಯುವ ಉದ್ದೇಶವಿರಲಿಲ್ಲ. ಆದರೆ ರಸ್ತೆ ಅಗಲೀಕರಣದಲ್ಲಿ ಮುಂಭಾಗ ಕಳೆದುಕೊಂಡು, ಆಮೇಲೆ ಕಾಂಪ್ಲೆಕ್ಸ್‌ಗಳಾದ ಕಟ್ಟಡಗಳ ಹೆಸರು ಬೇರೆಲ್ಲೂ ಸಿಗದಿದ್ದಾಗ ಅಲ್ಲಿ ಸಿಗುತ್ತವೆ. ಒಂದೇ ಸಾಲಿನ ನಾಲ್ಕು ಮನೆಯವರ ಕ್ರಯಪತ್ರಗಳನ್ನು ಕೂಡಿಸಿ ಓದಿದರೆ ಬೀದಿಯ ಒಂದು ಮಗ್ಗುಲು ಇಡಿಯಾಗಿ ಎದ್ದು ನಿಲ್ಲುತ್ತದೆ. ನಗರಸಭೆಯ ಹಳೆಯ ಕಂದಾಯದ ವಹಿಗಳನ್ನೂ ಕೇಳಿ ನೋಡಿ. ಆ ಕಾಲದ ಲಗ್ನಪತ್ರಿಕೆ ಸಿಕ್ಕರೆ ಇನ್ನೂ ಒಳ್ಳೆಯದು, ಮದುವೆಯ ತಾರೀಕೂ ಛತ್ರದ ಹೆಸರೂ ಒಟ್ಟಿಗೆ ದೊರೆಯುತ್ತವೆ.

ನಮ್ಮ ಜಿಲ್ಲೆಗಳಿಗೆ ಮದ್ರಾಸಿಗಿಲ್ಲದ ಅನುಕೂಲವೊಂದಿದೆ, ಬೆಟ್ಟ. ಕಟ್ಟಡ ಉರುಳಿದರೂ ಕೋಲಾರದ ಶತಶೃಂಗ ಬೆಟ್ಟಸಾಲಿನ ಏಣು ಹಾಗೇ ಇದೆ. ಚಿತ್ರದ ಪ್ರತಿ ಹಿಡಿದು ಊರಿನಲ್ಲಿ ನಡೆಯುತ್ತಾ, ಬೆಟ್ಟದ ಎರಡು ಶಿಖರಗಳು ಚಿತ್ರದಲ್ಲಿರುವ ಅಂತರದಲ್ಲೇ ಕಾಣುವ ತನಕ ಹಿಂದೆ ಮುಂದೆ ಸರಿಯಿರಿ. ಛಾಯಾಗ್ರಾಹಕ ನಿಂತ ಜಾಗ ಹೆಚ್ಚುಕಡಿಮೆ ಅಲ್ಲೇ. ಚಿಕ್ಕಬಳ್ಳಾಪುರದವರಿಗೆ ನಂದಿಬೆಟ್ಟ ಇದೇ ಕೆಲಸ ಮಾಡಿಕೊಡುತ್ತದೆ. ಕೆಜಿಎಫ್‌ನಲ್ಲಿ ಮಾತ್ರ ಎಚ್ಚರ ಬೇಕು. ಅಲ್ಲಿ ಬೆಟ್ಟದಂತೆ ಕಾಣುವುದು ಸೈನೈಡ್ ಗುಡ್ಡ, ಚಿನ್ನ ತೆಗೆದ ಮೇಲಿನ ಪುಡಿಮಣ್ಣಿನ ರಾಶಿ. ಗಣಿ ನಡೆಯುವಷ್ಟು ಕಾಲ ಅದು ಬೆಳೆಯುತ್ತಾ ಹೋಯಿತು, 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಹಾಗಾಗಿ ಅಲ್ಲಿನ ಚಿತ್ರಗಳಲ್ಲಿ ಗುಡ್ಡದ ಎತ್ತರ ಸ್ಥಳಕ್ಕಿಂತ ಹೆಚ್ಚಾಗಿ ಕಾಲವನ್ನು ತಿಳಿಸುತ್ತದೆ.

ಹಿರಿಯರನ್ನು ಕೇಳುವಾಗ ‘ಇದು ದೊಡ್ಡಪೇಟೆ ಅಲ್ಲವೇ?’ ಎಂದು ಕೇಳಬೇಡಿ, ಪ್ರೀತಿಗೆ ಹೂಂ ಎಂದುಬಿಡುತ್ತಾರೆ. ಚಿತ್ರ ಕೈಗಿಟ್ಟು ಸುಮ್ಮನಿರಿ. ಅವರ ಬೆರಳು ಮೊದಲು ಎಲ್ಲಿಗೆ ಹೋಗುತ್ತದೋ ಅಲ್ಲಿಂದ ಮಾತು ಮುಂದುವರಿಸಿ. ಇಬ್ಬರನ್ನು ಬೇರೆಬೇರೆಯಾಗಿ ಕೇಳಿ, ಇಬ್ಬರ ಮಾತನ್ನೂ ಬರೆದಿಡಿ, ಹೊಂದದಿದ್ದರೂ ಸರಿ.

ತಲೆಬರಹದ ವಿಷಯದಲ್ಲಿ ನಾನು ಹಟ ಹಿಡಿದದ್ದಕ್ಕೆ ಬೇಸರಿಸಬೇಡಿ. ತಪ್ಪು ಹೆಸರು ಹೊತ್ತ ಚಿತ್ರ ಒಮ್ಮೆ ಅಚ್ಚಾದರೆ ಮೊಬೈಲಿನಿಂದ ಮೊಬೈಲಿಗೆ ಹರಿದು, ಮುಂದೆ ಶಾಲೆಯ ಮಕ್ಕಳ ಯೋಜನೆಯ ಪುಸ್ತಕದಲ್ಲಿ ಅಂಟಿ ಕೂರುತ್ತದೆ. ಟ್ರಾಂ ಇತ್ತೆಂದು ನಂಬಿದ ಮಗು ಎರಡೂವರೆ ಅಡಿಯ ರೈಲನ್ನು ಹುಡುಕುವುದಿಲ್ಲ. ನಿಜವಾಗಿ ಇದ್ದದ್ದರ ಜಾಗವನ್ನು ಇಲ್ಲದ್ದು ತಿಂದುಬಿಡುತ್ತದೆ. ಆದ್ದರಿಂದ ಮದ್ರಾಸಿನ ಚಿತ್ರವನ್ನು ಮದ್ರಾಸಿನದೆಂದೇ, ಕೋಲಾರದ ಒಂದು ಮನೆಯಲ್ಲಿ ಉಳಿದು ಬಂದದ್ದೆಂದು, ತಾತನವರ ಮಾತಿನ ಸಮೇತ ಒಳಪುಟದಲ್ಲಿ ಹಾಕುತ್ತೇವೆ. ಮೆರವಣಿಗೆಯ ಚಿತ್ರಕ್ಕೆ ಎರಡು ಪುಟ ಮೀಸಲಿಟ್ಟಿದ್ದೇವೆ.

ಅದಕ್ಕಾಗಿ ಮೂಲ ಚಿತ್ರವನ್ನು ಅಂಚೆಗೆ ಹಾಕಬೇಡಿ. ಒಳ್ಳೆಯ ಅಂಗಡಿಯಲ್ಲಿ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಹಿಂಬದಿಯನ್ನೂ ಸೇರಿಸಿ, ಸ್ಟುಡಿಯೋದ ಮೊಹರು ಮಸುಕಾಗಿದ್ದರೂ ಬಿಡಬೇಡಿ. ಒದ್ದೆ ಬಟ್ಟೆಯಿಂದ ಒರೆಸುವುದು, ಹರಿದ ಕಡೆ ಟೇಪ್ ಅಂಟಿಸುವುದು, ಲ್ಯಾಮಿನೇಷನ್ ಮಾಡಿಸುವುದು ಬೇಡವೇ ಬೇಡ. ಚಿತ್ರದಲ್ಲಿರುವವರ ಹೆಸರುಗಳನ್ನು ಹಿಂದೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ ಬರೆಯಿರಿ, ಬಾಲ್‌ಪೆನ್ನಿನ ಗೆರೆ ಮುಂದಕ್ಕೆ ಮೂಡಿಬಿಡುತ್ತದೆ. ಓಲಗದವರ ಹೆಸರುಗಳು ಯಾರಿಗಾದರೂ ಗೊತ್ತಿದ್ದರೆ ಅವನ್ನೂ ಬರೆದು ಕಳುಹಿಸಿ, ಮದುಮಗನ ಹೆಸರಿನ ಜೊತೆಯಲ್ಲೇ ಅಚ್ಚು ಹಾಕುತ್ತೇವೆ.

– ಸಂಪಾದಕ