ಮೂರು ಲೂಯಿಸ್ ಸ್ಟ್ರಕ್ಚರಲ್ಲೂ ಆಕ್ಟೆಟ್ ಸರಿಯಿದ್ರೆ ಯಾವುದನ್ನ ಆರಿಸ್ಬೇಕು?

ಪ್ರಶ್ನೆ: ಸಯನೇಟ್ ಅಯಾನಿಗೆ (OCN⁻) ಮೂರು ಲೂಯಿಸ್ ಸ್ಟ್ರಕ್ಚರ್ (ಬಾಂಡು, ಎಲೆಕ್ಟ್ರಾನು ತೋರಿಸೋ ಚಿತ್ರ) ಬರೆದೆ, ಮೂರರಲ್ಲೂ ಆಕ್ಟೆಟ್, ಅಂದ್ರೆ ಪ್ರತಿ ಆಟಮಿಗೆ ಎಂಟೆಂಟು ಎಲೆಕ್ಟ್ರಾನು, ಸರಿಯಾಗೇ ಇದೆ. ಫಾರ್ಮಲ್ ಚಾರ್ಜ್ (ಪ್ರತಿ ಆಟಮಿಗೆ ಲೆಕ್ಕ ಹಾಕಿ ಕೊಡೋ ಚಾರ್ಜ್) ನೋಡಿ ಆರಿಸಿ ಅಂತಾರೆ, ಆದ್ರೆ ನಂಗೆ ಟೋಟಲ್ಲೇ ಒಂದೊಂದ್ಸಲ ಒಂದೊಂದು ಥರ ಬರುತ್ತೆ. ಮತ್ತೆ ಕಾರ್ಬನ್ನೇ ಮಧ್ಯ ಯಾಕಿರ್ಬೇಕು?

ಉತ್ತರ: ಟೋಟಲ್ ತಪ್ಪೋದು ಹೆಚ್ಚಾಗಿ ಒಂದೇ ಕಾರಣಕ್ಕೆ. ಆಕ್ಟೆಟ್ ಎಣಿಸುವಾಗ ಬಾಂಡಿನ ಎರಡೂ ಎಲೆಕ್ಟ್ರಾನನ್ನ ಎರಡೂ ಆಟಮಿನ ಲೆಕ್ಕಕ್ಕೆ ಹಾಕ್ತೀವಲ್ಲ, ಆ ಅಭ್ಯಾಸದಲ್ಲೇ ಫಾರ್ಮಲ್ ಚಾರ್ಜಿಗೂ ಹಂಗೇ ಎಣಿಸಿಬಿಡ್ತೀವಿ. ಇಲ್ಲಿ ಹಂಗಲ್ಲ, ಸಮಪಾಲು, ನಿಂಗೊಂದು ನಂಗೊಂದು. ಆಟಮಿನ ವೇಲೆನ್ಸ್ (ಹೊರಕವಚದ) ಎಲೆಕ್ಟ್ರಾನಿಂದ ಲೋನ್ ಪೇರ್ (ಬಾಂಡಿಗೆ ಸೇರದ ಜೋಡಿ) ಎಲೆಕ್ಟ್ರಾನುಗಳನ್ನ ಪೂರ್ತಿ ಕಳೀರಿ, ಆಮೇಲೆ ಬಾಂಡಿಗೊಂದರಂತೆ ಕಳೀರಿ, ಅಷ್ಟೇ.

ಸಯನೇಟಲ್ಲಿ ಆಕ್ಸಿಜನ್, ಕಾರ್ಬನ್, ನೈಟ್ರೋಜನ್ ಮೂರರದ್ದೂ ಸೇರಿ 6+4+5, ಜೊತೆಗೆ ಮೈನಸ್ ಚಾರ್ಜಿಂದು 1, ಒಟ್ಟು 16 ಎಲೆಕ್ಟ್ರಾನು. ಮೊದಲು ಆಕ್ಸಿಜನ್ ಕಡೆ ಟ್ರಿಪಲ್ ಬಾಂಡ್, ನೈಟ್ರೋಜನ್ ಕಡೆ ಸಿಂಗಲ್ ಹಾಕಿ ನೋಡಿ. ಆಕ್ಸಿಜನ್ನಿಗೆ 6−2−3, ಅಂದ್ರೆ +1. ಕಾರ್ಬನ್ನಿಗೆ 4−0−4, ಸೊನ್ನೆ. ನೈಟ್ರೋಜನ್ನಿಗೆ 5−6−1, ಅಂದ್ರೆ −2. ಕೂಡಿದ್ರೆ −1, ಟೋಟಲ್ ಸರಿಯಾಗೇ ಇದೆ! ಆದ್ರೂ ಇದು ಹೋಯ್ತು. ಟೋಟಲ್ ಸರಿಬಂತು ಅಂದ್ರೆ ನಿಮ್ಮ ಎಣಿಕೆ ತಪ್ಪಿಲ್ಲ ಅಂತ ಮಾತ್ರ, ಸ್ಟ್ರಕ್ಚರ್ ಒಳ್ಳೇದು ಅಂತಲ್ಲ. ಎಲೆಕ್ಟ್ರಾನಿಗೆ ಎಲ್ಲರಿಗಿಂತ ಜಾಸ್ತಿ ಆಸೆಪಡೋ ಆಕ್ಸಿಜನ್ ಮೇಲೆ ಪ್ಲಸ್ ಕೂರಿಸಿ, ಆ ಕಡೆ ನೈಟ್ರೋಜನ್ ಮೇಲೆ −2 ಹೇರಿದ್ರೆ ಯಾರು ಒಪ್ತಾರೆ?

ಉಳಿದಿದ್ದು ಎರಡು. ಎರಡೂ ಕಡೆ ಡಬಲ್ ಬಾಂಡ್ ಹಾಕಿದ್ರೆ ಆಕ್ಸಿಜನ್ ಸೊನ್ನೆ, ನೈಟ್ರೋಜನ್ −1. ಆಕ್ಸಿಜನ್ನಿಗೆ ಸಿಂಗಲ್, ನೈಟ್ರೋಜನ್ನಿಗೆ ಟ್ರಿಪಲ್ ಹಾಕಿದ್ರೆ ಆಕ್ಸಿಜನ್ −1, ನೈಟ್ರೋಜನ್ ಸೊನ್ನೆ. ಚಾರ್ಜಿನ ಗಾತ್ರ ಎರಡರಲ್ಲೂ ಒಂದೇ, ಹಾಗಾಗಿ ಈಗ ಎಲೆಕ್ಟ್ರೋನೆಗೆಟಿವಿಟಿ (ಬಾಂಡಿನ ಎಲೆಕ್ಟ್ರಾನನ್ನ ತನ್ನ ಕಡೆ ಎಳೆಯೋ ಶಕ್ತಿ) ನೋಡ್ಬೇಕು: ಆಕ್ಸಿಜನ್ 3.44, ನೈಟ್ರೋಜನ್ 3.04. ಮೈನಸ್ ಆಕ್ಸಿಜನ್ ಮೇಲಿರೋದೇ ಬೆಸ್ಟ್. ಹಂಗಂತ ಇನ್ನೊಂದನ್ನ ಹೊಡೆದು ಹಾಕ್ಬೇಡಿ, ರೆಸೊನೆನ್ಸಲ್ಲಿ, ಅಂದ್ರೆ ಈ ಸ್ಟ್ರಕ್ಚರುಗಳೆಲ್ಲ ಬೆರೆತು ಆಗೋ ನಿಜವಾದ ಅಯಾನಲ್ಲಿ, ಅದರ ಪಾಲೂ ಇದ್ದೇ ಇರುತ್ತೆ.

ನಿಮ್ಮ ಎರಡನೇ ಪ್ರಶ್ನೆ ನಂಗೆ ಇನ್ನೂ ಇಷ್ಟ ಆಯ್ತು. ನೈಟ್ರೋಜನ್ನನ್ನ ಮಧ್ಯಕ್ಕೆ ತಂದು ಆಕ್ಟೆಟ್ ತುಂಬಿಸಿ ನೋಡಿ, ಹೆಂಗೆ ಬರೆದ್ರೂ ಅದಕ್ಕೆ ನಾಲ್ಕು ಬಾಂಡು, ಹಾಗಾಗಿ +1 ತಪ್ಪಲ್ಲ. ಇರೋದರಲ್ಲಿ ಚೆನ್ನಾಗಿರೋದು ಅಂದ್ರೆ ಕಾರ್ಬನ್ −1, ನೈಟ್ರೋಜನ್ +1, ಆಕ್ಸಿಜನ್ −1. ಮೂರೂ ಆಟಮ್ ಮೇಲೆ ಚಾರ್ಜು, ಅದ್ರಲ್ಲೂ ಕಾರ್ಬನ್ ಮೇಲೆ ಮೈನಸ್. ತಮಾಷೆ ಏನಂದ್ರೆ ಇಂಥ ಅಯಾನ್ ನಿಜವಾಗ್ಲೂ ಇದೆ, ಹೆಸರು ಫಲ್ಮಿನೇಟ್. ಮರ್ಕ್ಯುರಿ ಫಲ್ಮಿನೇಟನ್ನ ಡಿಟೋನೇಟರಲ್ಲಿ ಬಳಸ್ತಿದ್ರು, ಒಂದು ಪೆಟ್ಟು ಬಿದ್ರೆ ಸಾಕು ಸಿಡಿಯುತ್ತೆ. 1820ರ ದಶಕದಲ್ಲಿ ರಸಾಯನಶಾಸ್ತ್ರಜ್ಞರಾದ ಲೀಬಿಗ್ ಸಿಲ್ವರ್ ಫಲ್ಮಿನೇಟ್ ಮೇಲೂ ವೋಲರ್ ಸಿಲ್ವರ್ ಸಯನೇಟ್ ಮೇಲೂ ಕೆಲಸ ಮಾಡ್ತಿದ್ದಾಗ ಎರಡರ ಸಂಯೋಜನೆಯೂ ಒಂದೇ ಬಂತು, ಗುಣ ನೋಡಿದ್ರೆ ಅಜಗಜಾಂತರ. ಇಂಥದ್ದಕ್ಕೆ 1830ರಲ್ಲಿ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ ಐಸೋಮರಿಸಂ ಅಂತ ಹೆಸರಿಟ್ಟ.

ಒಂದು ಮಾತು, ಈ ಚಾರ್ಜನ್ನ ನಿಜವಾದ ಚಾರ್ಜ್ ಅಂದ್ಕೋಬೇಡಿ. ಕಾರ್ಬನ್ ಮೋನಾಕ್ಸೈಡಲ್ಲಿ ಆಕ್ಟೆಟ್ ತುಂಬಿಸೋಕೆ ಟ್ರಿಪಲ್ ಬಾಂಡೇ ಹಾಕ್ಬೇಕು, ಆಗ ಕಾರ್ಬನ್ −1, ಆಕ್ಸಿಜನ್ +1. ಅಷ್ಟು ಚಾರ್ಜ್ ನಿಜಕ್ಕೂ ಇದ್ದಿದ್ರೆ ಡೈಪೋಲ್ ಮೊಮೆಂಟ್ (ಎರಡು ತುದಿಗೆ ಚಾರ್ಜ್ ಎಷ್ಟು ಬೇರೆಯಾಗಿದೆ ಅನ್ನೋ ಅಳತೆ, ಅದರ ಮಾನ ಡಿಬೈ) 5 ಡಿಬೈ ದಾಟ್ಬೇಕಿತ್ತು. ಅಳತೆ ಮಾಡಿದ್ರೆ ಸಿಗೋದು ಬರೀ 0.11 ಚಿಲ್ಲರೆ, ಆದ್ರೆ ಮೈನಸ್ ತುದಿ ಮಾತ್ರ ಕಾರ್ಬನ್ ಕಡೆಗೇ ಇದೆ.