ಮೂರನೆಯ ಕಲಮಿನ ಪ್ರಕಾರ ಅವ್ವನಿಗೆ ಪ್ರಶಸ್ತಿ ಇಲ್ಲ

ಓದುಗರ ಪತ್ರ (ಸಂಕ್ಷಿಪ್ತ): ನಾನು ಬನಹಟ್ಟಿಯವನು, ನೇಕಾರ. ನನ್ನ ಅಣ್ಣನಿಗೆ ಇಪ್ಪತ್ತರ ಹರೆಯದಲ್ಲಿ ಸ್ಕಿಜೋಫ್ರೀನಿಯಾ ಎಂಬ ಮನೋರೋಗ ಬಂತು. 31 ವರ್ಷ ಅವ್ವನೇ ನೋಡಿಕೊಂಡಳು. ಈಗ ಅಣ್ಣ ದಿನಕ್ಕೆ ನಾಲ್ಕು ತಾಸು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಾನೆ. ಅವ್ವ ಕಳೆದ ವರ್ಷ ತೀರಿಕೊಂಡಳು. ಅವಳ ಹೆಸರಿನಲ್ಲಿ ಒಂದು ಲಕ್ಷ ರೂಪಾಯಿ ದತ್ತಿ ಇಟ್ಟು, ಪ್ರತಿ ಅಕ್ಟೋಬರ್ 10ರಂದು ಮಾನಸಿಕ ಆರೋಗ್ಯ ಕ್ಷೇತ್ರದ ಸಾಧಕರೊಬ್ಬರಿಗೆ ಪ್ರಶಸ್ತಿ ಕೊಡಬೇಕೆಂದಿದ್ದೇನೆ. ಊರ ಹಿರಿಯರು ನಿಯಮಾವಳಿ ಬರೆದುಕೊಟ್ಟಿದ್ದಾರೆ, ಲಗತ್ತಿಸಿದ್ದೇನೆ. ಇಂಥ ಪ್ರಶಸ್ತಿಗಳನ್ನು ಬೇರೆ ಕಡೆ ಯಾರಿಗೆ ಕೊಡುತ್ತಾರೆ? ನಮ್ಮ ನಿಯಮ ಸರಿ ಇವೆಯೇ? ಪ್ರಕಟಣೆ ಹಾಕುವಿರಾ? ನನ್ನ ಹೆಸರು ಮಾತ್ರ ಅಚ್ಚು ಮಾಡಬೇಡಿ, ಮಗಳ ಮದುವೆ ಮಾಡುವುದಿದೆ.

ಸಂಪಾದಕರ ಉತ್ತರ:

ನಿಮ್ಮ ನಿಯಮಾವಳಿಯನ್ನು ಎರಡು ಸಲ ಓದಿದೆ. ಒಂಬತ್ತು ಕಲಮುಗಳಲ್ಲಿ ನಾಲ್ಕು ಬರೀ ಸಮಾರಂಭದ್ದೇ ಆಗಿವೆ. ಶಾಲು ಎಂಥದ್ದು, ಹಾರ ಯಾರು ತರಬೇಕು, ಅಧ್ಯಕ್ಷತೆ ಯಾರದು, ವಂದನಾರ್ಪಣೆ ಯಾರದು. ಅದಿರಲಿ, ನಮ್ಮ ಕಡೆ ಇವಿಲ್ಲದೆ ಯಾವ ಕಾರ್ಯಕ್ರಮವೂ ಮುಗಿದದ್ದಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಮೂರನೆಯ ಕಲಮು: ಪ್ರಶಸ್ತಿಗೆ ಆಯ್ಕೆಯಾಗುವವರು ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕನಿಷ್ಠ 15 ವರ್ಷ ಸೇವೆ ಸಲ್ಲಿಸಿರಬೇಕು. ಇದರ ಪ್ರಕಾರ ನಿಮ್ಮ ಅವ್ವನ ಹೆಸರಿನ ಪ್ರಶಸ್ತಿ ನಿಮ್ಮ ಅವ್ವನಿಗೇ ಸಿಗುವುದಿಲ್ಲ. 31 ವರ್ಷದ ಸೇವೆ ಇದೆ, ಪದವಿ ಇಲ್ಲ.

ಕುಹಕಕ್ಕೆ ಹೇಳುತ್ತಿಲ್ಲ. ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ವೈದ್ಯರ ಬಗ್ಗೆ ನನಗೆ ಗೌರವ ಕಡಿಮೆ ಎಂದೂ ತಿಳಿಯಬೇಡಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆ ಸುತ್ತಿದವನಿಗೆ ಮನೋವೈದ್ಯರು ಎಷ್ಟು ವಿರಳ ಎನ್ನುವುದು ಗೊತ್ತು. ಆದರೂ ಈ ಕ್ಷೇತ್ರದ ಪ್ರಶಸ್ತಿಗಳ ಚರಿತ್ರೆಯನ್ನು ಸ್ವಲ್ಪ ನೋಡಿದರೆ ಮೂರನೆಯ ಕಲಮಿನ ಮೇಲೆ ಅಷ್ಟು ಭರವಸೆ ಉಳಿಯುವುದಿಲ್ಲ.

ದೊಡ್ಡ ಮನೆಯಿಂದಲೇ ಶುರು ಮಾಡೋಣ. ಮನೋರೋಗದ ಚಿಕಿತ್ಸೆಗೆ ನೊಬೆಲ್ ಬಂದದ್ದು ತೀರಾ ಅಪರೂಪ. 1927ರಲ್ಲಿ ವಿಯೆನ್ನಾದ ವಾಗ್ನರ್-ಯೌರೆಗ್ ಅವರಿಗೆ ಸಿಕ್ಕಿತು. ಸಿಫಿಲಿಸ್ ಮಿದುಳಿಗೇರಿ ಬುದ್ಧಿ ಕೆಟ್ಟವರಿಗೆ ಬೇಕೆಂದೇ ಮಲೇರಿಯಾ ಜ್ವರ ಬರಿಸುವ ಚಿಕಿತ್ಸೆ ಅವರದು. ಪೆನಿಸಿಲಿನ್ ಬಂದ ಮೇಲೆ ಅದು ಯಾರಿಗೂ ಬೇಡವಾಯಿತು. 1949ರಲ್ಲಿ ಪೋರ್ಚುಗಲ್‌ನ ಎಗಾಸ್ ಮೋನಿಜ್ ಅವರಿಗೆ ಅರ್ಧ ನೊಬೆಲ್ ಬಂತು, ತಲೆಬುರುಡೆಗೆ ರಂಧ್ರ ಕೊರೆದು ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಗಾಗಿ. ರೋಗಿಗಳು ಶಾಂತರಾಗುತ್ತಿದ್ದರು, ನಿಜ. ಕೆಲವರು ಎಷ್ಟು ಶಾಂತರಾದರೆಂದರೆ ನಗುವುದನ್ನೂ ಅಳುವುದನ್ನೂ ಬಿಟ್ಟುಬಿಟ್ಟರು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಾನ್ ಕೆನಡಿಯವರ ತಂಗಿ ರೋಸ್‌ಮೇರಿಗೆ 1941ರಲ್ಲಿ, 23ನೆಯ ವಯಸ್ಸಿನಲ್ಲಿ, ಇದೇ ಬಗೆಯ ಶಸ್ತ್ರಚಿಕಿತ್ಸೆ ಮಾಡಿಸಿದ್ದರು. ನಡಿಗೆ, ಮಾತು ಎರಡೂ ಹೋದವು. ಅದಾಗಿ ಎಂಟು ವರ್ಷದ ಮೇಲೆ ಬಂದ ಪ್ರಶಸ್ತಿ ಇದು! ಮರುವರ್ಷವೇ ಸೋವಿಯತ್ ಒಕ್ಕೂಟ ಈ ಶಸ್ತ್ರಚಿಕಿತ್ಸೆಯನ್ನು ನಿಷೇಧಿಸಿತು. ಪ್ರಶಸ್ತಿಯನ್ನು ಹಿಂಪಡೆಯಿರಿ ಎಂದು ರೋಗಿಗಳ ಮನೆಯವರು ಆಮೇಲೆ ಕೇಳಿಕೊಂಡದ್ದೂ ಉಂಟು. ಕೊಟ್ಟ ನೊಬೆಲನ್ನು ವಾಪಸು ಪಡೆಯುವ ಪದ್ಧತಿ ಇಲ್ಲ.

ಅದೇ 1949ರ ಸೆಪ್ಟೆಂಬರಿನಲ್ಲಿ, ಮೋನಿಜ್ ಹೆಸರು ಘೋಷಣೆಯಾಗುವ ಹಿಂದಿನ ತಿಂಗಳು, ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯರು ಲಿಥಿಯಂ ಲವಣವು ಉನ್ಮಾದವನ್ನು ಇಳಿಸುತ್ತದೆ ಎಂದು ಒಂದು ಲೇಖನ ಪ್ರಕಟಿಸಿದರು. ಅವರ ಪ್ರಯೋಗಾಲಯವೆಂದರೆ ಆಸ್ಪತ್ರೆಯಲ್ಲಿ ಬಳಸದೆ ಬಿಟ್ಟಿದ್ದ ಒಂದು ಉಗ್ರಾಣದ ಕೋಣೆ. ರೋಗಿಗಳ ಮೂತ್ರದ ಮಾದರಿಗಳನ್ನು ಇಡುತ್ತಿದ್ದದ್ದು ಮನೆಯ ಫ್ರಿಜ್ಜಿನಲ್ಲಿ. (ಅವರ ಹೆಂಡತಿಗೂ ಒಂದು ಪ್ರಶಸ್ತಿ ಸಲ್ಲಬೇಕಿತ್ತು.) ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಗೆ ಇವತ್ತಿಗೂ ಲಿಥಿಯಂ ಕೊಡುತ್ತಾರೆ. ಕೇಡ್ ಅವರಿಗೆ ನೊಬೆಲ್ ಬರಲಿಲ್ಲ.

ನನಗೆ ಕಾಣುವುದು ಇಷ್ಟು. ಮೋನಿಜ್ ಅವರದು ಒಂದು ಬೆಳಿಗ್ಗೆಯಲ್ಲಿ ಮುಗಿಯುವ ಕೆಲಸ. ಶಸ್ತ್ರಚಿಕಿತ್ಸೆಗೆ ಮೊದಲು, ಆಮೇಲೆ ಎಂದು ಎರಡು ಫೋಟೊ ತೆಗೆದು ತೋರಿಸಬಹುದು. ಲಿಥಿಯಂ ಹಾಗಲ್ಲ. ದಿನವೂ ನುಂಗಬೇಕು. ರಕ್ತದಲ್ಲಿ ಎಷ್ಟಿದೆ ಎಂದು ಆಗಾಗ ನೋಡಿಸಬೇಕು. ಹೆಚ್ಚಾದರೆ ವಿಷ, ಕಡಿಮೆಯಾದರೆ ವ್ಯರ್ಥ. ಯಾರೋ ಒಬ್ಬರು ವರ್ಷಗಟ್ಟಲೆ ಲೆಕ್ಕ ಇಟ್ಟುಕೊಂಡು ಕೂರಬೇಕು. ನಿಮ್ಮ ಅಣ್ಣನ ಗುಳಿಗೆ ಬೇರೆ ಇರಬಹುದು, ಲೆಕ್ಕ ಇಟ್ಟವರು ಯಾರೆಂದು ನೀವೇ ಬರೆದಿದ್ದೀರಿ.

ಎಲ್ಲ ಪ್ರಶಸ್ತಿಗಳೂ ಎಡವಿಲ್ಲ. 1957ರ ಅಮೆರಿಕದ ಲಾಸ್ಕರ್ ಪ್ರಶಸ್ತಿ ಹಂಚಿಕೊಂಡವರಲ್ಲಿ ನಮ್ಮ ಮುಂಬಯಿಯ ಹೃದಯ ವೈದ್ಯ ರುಸ್ತುಂ ಜಾಲ್ ವಕೀಲ್ ಇದ್ದರು. ನಮ್ಮ ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆ ಎಂದು ತೋರಿಸಿದ್ದಕ್ಕೆ. ಅದೇ ಬೇರಿನ ಸತ್ವವನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದ ನೇಥನ್ ಕ್ಲೈನ್ ಅವರಿಗೂ ಅದರಲ್ಲಿ ಪಾಲಿತ್ತು. ಆ ಬೇರು ಹುಚ್ಚಿಗೂ ರಕ್ತದೊತ್ತಡಕ್ಕೂ ಔಷಧ ಎಂದು ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು ಎನ್ನುವುದು ಬೇರೆ ಮಾತು.

ಇತ್ತೀಚಿನವನ್ನು ನೋಡಿದರೆ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. 2018ರ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಡಾ. ಭರತ್ ವಾಟ್ವಾನಿ ಮುಂಬಯಿಯ ಬೀದಿಯಲ್ಲಿ ಒಬ್ಬ ಯುವಕ ತೆಂಗಿನ ಚಿಪ್ಪಿನಲ್ಲಿ ಗಟಾರದ ನೀರು ಮೊಗೆದು ಕುಡಿಯುವುದನ್ನು ಕಂಡು, ಹೆಂಡತಿಯೊಡನೆ ಸೇರಿ ಆತನನ್ನು ಕರೆದೊಯ್ದು ಚಿಕಿತ್ಸೆ ಕೊಟ್ಟವರು. ಆತ ಓದಿದವನು, ಆಂಧ್ರದ ಮನೆಯವರು ಹುಡುಕುತ್ತಿದ್ದವನು. ಆಮೇಲೆ ಅದೇ ಅವರ ಕಸುಬಾಯಿತು: ಬೀದಿಯಿಂದ ಎತ್ತುವುದು, ಗುಣ ಕಂಡ ಮೇಲೆ ಊರು ಹುಡುಕಿ ಮನೆಗೆ ಮುಟ್ಟಿಸುವುದು. ಚೋರ್ಲಾ ಘಾಟಿ ಇಳಿದರೆ ಸಿಗುವ ಗೋವಾದಲ್ಲಿ ಸಂಗಾತ್ ಸಂಸ್ಥೆಯ ವಿಕ್ರಂ ಪಟೇಲ್ ಮತ್ತು ಸಂಗಡಿಗರು, ವೈದ್ಯರಲ್ಲದ ಸ್ಥಳೀಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಆರೋಗ್ಯ ಕೇಂದ್ರಗಳಲ್ಲಿ ಕೂರಿಸಿದರೆ ಖಿನ್ನತೆಯವರಿಗೆ ಗುಣ ಕಾಣುತ್ತದೆ ಎಂದು ತೋರಿಸಿದರು. 2019ರಲ್ಲಿ ಅವರಿಗೆ ಕೆನಡಾದ ಗೈರ್ಡ್ನರ್ ಪ್ರಶಸ್ತಿ ಬಂತು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆಲ್ಸನ್ ಮಂಡೇಲಾ ಪ್ರಶಸ್ತಿ ನಿಮ್ಹಾನ್ಸ್‌ಗೆ ಸಂದಿತು. ಅದೇ ವರ್ಷ ಪದ್ಮಶ್ರೀ ಪಡೆದ ಡಾ. ಸಿ.ಆರ್. ಚಂದ್ರಶೇಖರ್ ಅವರನ್ನು ಕನ್ನಡ ಓದುಗರಿಗೆ ಪರಿಚಯಿಸಬೇಕಾಗಿಲ್ಲ.

ಇಷ್ಟಾದರೂ ವೇದಿಕೆಯ ಮೇಲೆ ನಿಂತವರು ಹೆಚ್ಚಾಗಿ ವೈದ್ಯರೇ. ಇದಕ್ಕೊಂದು ಅಪವಾದವಿದೆ. ಅಮೆರಿಕದಲ್ಲಿ ಕ್ಲಿಫರ್ಡ್ ಬೀರ್ಸ್ ಎಂಬಾತ ಮನೋರೋಗಾಸ್ಪತ್ರೆಗಳಲ್ಲಿ ತಾನು ಪಟ್ಟ ಪಾಡನ್ನು ಬರೆದು, 1909ರಲ್ಲಿ ಸುಧಾರಣೆಗೆಂದು ರಾಷ್ಟ್ರೀಯ ಸಮಿತಿಯನ್ನೇ ಕಟ್ಟಿದ. ಅವನ ಹೆಸರಿನ ಪ್ರಶಸ್ತಿಯನ್ನು 1976ರಿಂದ ಕೊಡುತ್ತಿದ್ದಾರೆ, ಚಿಕಿತ್ಸೆ ಪಡೆದವರಿಗೆ. ಅದೇ ಬಳಗ 1953ರಲ್ಲಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಕಟ್ಟಿಹಾಕುತ್ತಿದ್ದ ಸರಪಳಿ, ಬೇಡಿಗಳನ್ನು ತರಿಸಿ, ಕರಗಿಸಿ, ಬಾರಿಸುವ ಗಂಟೆಯೊಂದನ್ನು ಎರಕ ಹೊಯ್ಯಿಸಿತು. ನಮ್ಮ ಸ್ಮರಣಿಕೆಗಳ ಅಂಗಡಿಯವರಿಗೆ ಇಂಥದ್ದು ಹೊಳೆಯುವುದಿಲ್ಲ.

ಹಾಗೆಂದು ನಿಮ್ಮ ಅಣ್ಣನನ್ನು ವೇದಿಕೆಗೆ ಹತ್ತಿಸಿ ಎನ್ನುತ್ತಿಲ್ಲ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಬಹಳ ವರ್ಷಗಳ ಹಿಂದೆ ನಮ್ಮ ಪತ್ರಿಕೆಯಲ್ಲಿ ಒಬ್ಬ ವೈದ್ಯರ ಸನ್ಮಾನದ ವರದಿಯೊಂದಿಗೆ, ಅವರಿಂದ ಗುಣವಾದ ಯುವಕನ ಫೋಟೊವನ್ನೂ ಹಾಕಿದೆವು. ಅವನು ನಗುತ್ತ ನಿಂತಿದ್ದ, ನಾವು ಸ್ಫೂರ್ತಿ ಎಂದುಕೊಂಡೆವು. ಹದಿನೈದು ದಿನಕ್ಕೆ ಅವನ ತಂಗಿಯ ಸಂಬಂಧ ಮುರಿಯಿತು. ತಂದೆ ಬೆಳಗಾವಿಯ ನಮ್ಮ ಕಚೇರಿಗೆ ಬಂದು, ಬೈಯದೆ, ಆ ಸಂಚಿಕೆಯ ಉಳಿದ ಪ್ರತಿಗಳು ಎಷ್ಟಿವೆ, ಕೊಂಡುಕೊಳ್ಳುತ್ತೇನೆ ಎಂದರು. ‘ಧಾರವಾಡಕ್ಕೆ ಕಳಿಸಬೇಕು’ ಎನ್ನುವುದನ್ನು (ಅಲ್ಲಿನ ಮನೋರೋಗಾಸ್ಪತ್ರೆಗೆ ಎಂದು) ಇಂದಿಗೂ ನಗೆಮಾತಾಗಿ ಆಡುವ ಸೀಮೆ ನಮ್ಮದು, ಅದನ್ನು ಮರೆತಿದ್ದೆ. ಚಿಕಿತ್ಸೆಯಲ್ಲಿರುವವರ ಫೋಟೊವನ್ನಾಗಲಿ ವಿವರವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ನನಗೆ ಆ ಪಾಠ ಕಾಯ್ದೆಗಿಂತ ಮೊದಲೇ ಆಗಿತ್ತು.

ಹಾಗಾದರೆ ಯಾರಿಗೆ ಕೊಡಬೇಕು? ಎರಡು ವರ್ಷದ ಹಿಂದೆ ಒಂದು ಮಂಗಳವಾರ, ತಾಲ್ಲೂಕಿನಲ್ಲೇ ಮನೋರೋಗಿಗಳನ್ನು ನೋಡುವ ಮನೋಚೈತನ್ಯ ಶಿಬಿರದ ದಿನ, ನಿಮ್ಮ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಬೆಳಿಗ್ಗೆಯಿಂದ ಕೂತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ. ಮಡಿಲಲ್ಲಿ ಹಳೆಯ ಗುಳೇದಗುಡ್ಡ ಖಣದಿಂದ ಹೊಲಿದ ಚೀಲ, ಅದಕ್ಕೆ ಎರಡು ಜೇಬು. ಒಂದರ ಮೇಲೆ ಹಳದಿ ದಾರದಲ್ಲಿ ಸೂರ್ಯ, ಇನ್ನೊಂದರ ಮೇಲೆ ಬಿಳಿ ದಾರದಲ್ಲಿ ಅರ್ಧಚಂದ್ರ. ಓದು ಬರದ ಆಕೆ ಮಗನ ಬೆಳಗಿನ ಗುಳಿಗೆ, ರಾತ್ರಿಯ ಗುಳಿಗೆ ಕಲಸದ ಹಾಗೆ ಮಾಡಿಕೊಂಡ ವ್ಯವಸ್ಥೆ. ಆ ದಿನ ಔಷಧದ ಕಿಟಕಿಯಲ್ಲಿ ಕೊಟ್ಟ ರಾತ್ರಿಯ ಗುಳಿಗೆ ಬೇರೆ ಕಂಪನಿಯದು. ಬಿಳಿ ಹೋಗಿ ಗುಲಾಬಿ ಬಣ್ಣ ಬಂದಿತ್ತು. ಇದಲ್ಲ, ಇದು ನನ್ನ ಮಗನದಲ್ಲ ಎಂದು ಆಕೆ ಹಟ ಹಿಡಿದಳು. ಹಿಂದೆ ಉದ್ದನೆಯ ಸರದಿ. ಆ ಔಷಧ ವಿತರಕ ಗದರಲಿಲ್ಲ. ಹೊರಗೆ ಬಂದ, ಹಳೆಯ ಖಾಲಿ ಪಟ್ಟಿಯನ್ನೂ ಹೊಸದನ್ನೂ ಜೋಡಿಸಿ ಹಿಡಿದು ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ತೋರಿಸಿದ, ಆಮೇಲೆ ತಾನೇ ಚಂದ್ರನ ಜೇಬಿನಲ್ಲಿ ಇಟ್ಟ. ಐದು ನಿಮಿಷ ಹಿಡಿಯಿತು. ಆ ಐದು ನಿಮಿಷ ಇಲ್ಲದಿದ್ದರೆ ಆಕೆ ಗುಳಿಗೆಯನ್ನು ಬಸ್ ನಿಲ್ದಾಣದಲ್ಲೇ ಎಸೆದು ಹೋಗುತ್ತಿದ್ದಳು. ಎರಡು ತಿಂಗಳಿಗೆ ಮಗ ಮತ್ತೆ ಬೀದಿಗೆ ಬೀಳುತ್ತಿದ್ದ. 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮನೋರೋಗವಿದ್ದವರಲ್ಲಿ, ಕಾಯಿಲೆಗನುಸಾರವಾಗಿ, ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆಯೇ ತಲುಪಿಲ್ಲ. ತಲುಪಿದವರ ಕೈ ಜಾರದಂತೆ ಹಿಡಿದವನು ಈತ. ನಿಮ್ಮ ಮೂರನೆಯ ಕಲಮಿನಲ್ಲಿ ಈತನಿಗೂ ಜಾಗವಿಲ್ಲ.

ಆದ್ದರಿಂದ ಅದನ್ನು ಹೊಡೆದುಹಾಕಿ. ಐದನೆಯದನ್ನೂ. ಗುಣಪಡಿಸಿದ ರೋಗಿಗಳ ಸಂಖ್ಯೆ ಲಗತ್ತಿಸಬೇಕು ಎಂದಿದೆ ಅದರಲ್ಲಿ. ದಿನಕ್ಕೆ ನಾಲ್ಕು ತಾಸು ಕಂಡಿಕೆ ಸುತ್ತುವ ನಿಮ್ಮ ಅಣ್ಣ ಯಾವ ಪಟ್ಟಿಗೆ ಬರುತ್ತಾರೆ? ಗುಣವಾದವರದೋ, ಆಗದವರದೋ? ಅರ್ಜಿ ಕರೆಯುವುದೂ ಬೇಡ. ಅರ್ಜಿ ಬರೆಯಲು ಪುರುಸೊತ್ತಿರುವವರು ನಿಮಗೆ ಬೇಕಾದವರಲ್ಲ. ಮಂಗಳವಾರ ಸರದಿಯಲ್ಲಿ ಕೂತ ಮನೆಯವರನ್ನು ಕೇಳಿ, ಹೆಸರು ಅವರೇ ಹೇಳುತ್ತಾರೆ: ಆಶಾ ಕಾರ್ಯಕರ್ತೆ ಇರಬಹುದು, ಕೆಲಸ ಬಿಡಿಸದೆ ಇಟ್ಟುಕೊಂಡ ಮಗ್ಗದ ಮಾಲೀಕ ಇರಬಹುದು, ವೈದ್ಯರೂ ಇರಬಹುದು.

ಇನ್ನು ಹಣ. ಒಂದು ಲಕ್ಷಕ್ಕೆ ವರ್ಷಕ್ಕೆ ಆರು ಸಾವಿರದ ಆಸುಪಾಸು ಬಡ್ಡಿ ಬಂದೀತು. ಪೆಂಡಾಲು, ಧ್ವನಿವರ್ಧಕ, ಶಾಲು, ಫಲತಾಂಬೂಲ ಅದನ್ನು ನುಂಗಿ ನಿಮ್ಮ ಕಿಸೆಗೂ ಕೈ ಹಾಕುತ್ತವೆ. ಸಮಾರಂಭವನ್ನು ಆಸ್ಪತ್ರೆಯ ಅಂಗಳದಲ್ಲೋ ನಿಮ್ಮ ಮಗ್ಗದ ಮನೆಯಲ್ಲೋ ಅರ್ಧ ತಾಸಿನಲ್ಲಿ ಮುಗಿಸಿ. ಹಣವನ್ನು ಪ್ರಶಸ್ತಿ ಪಡೆದವರ ಕೈಗೆ ಕೊಡಿ. ಆಸ್ಪತ್ರೆಗೆ ಹೋದ ದಿನ ಮಗ್ಗ ನಿಂತು ಕೂಲಿ ತಪ್ಪುವುದು ಏನೆಂದು ನೇಕಾರರಾದ ನಿಮಗೆ ನಾನು ಹೇಳಬೇಕಾಗಿಲ್ಲ.

ಒಂದು ಮಾತು ಉಳಿಯಿತು. ಒಂಬತ್ತು ಕಲಮುಗಳಲ್ಲಿ, ನಿಮ್ಮ ಪತ್ರದ ಮೂರು ಪುಟಗಳಲ್ಲಿ, ಅಣ್ಣ ಏನೆಂದರು ಎನ್ನುವುದು ಎಲ್ಲೂ ಇಲ್ಲ. ಅವ್ವನ ಹೆಸರಿನ ಪ್ರಶಸ್ತಿ ಎಂದ ಮೇಲೆ ಬನಹಟ್ಟಿಯಲ್ಲಿ ಯಾರ ಅವ್ವ, ಯಾಕೆ ಎಂದು ಯಾರಿಗೆ ತಿಳಿಯುವುದಿಲ್ಲ? ನಿಮ್ಮ ಹೆಸರನ್ನು ನಾನು ಅಚ್ಚು ಮಾಡಿಲ್ಲ. ಆದರೆ ಅಣ್ಣನ ಕಾಯಿಲೆಯನ್ನು ಊರ ಮುಂದೆ ಇಡುವುದು ಅವರಿಗೆ ಒಪ್ಪಿಗೆಯೇ, ಕೇಳಿ. ಬೇಡ ಎಂದರೆ ದತ್ತಿಗೆ ಬೇರೆ ಹೆಸರಿಡಿ. ಬೇಕು ಎಂದರೆ, ಅವ್ವ ಹೋದ ಮೇಲೆ ನಿನಗೆ ಒದಗಿದವರು ಯಾರು ಎಂದೂ ಕೇಳಿ. ಮೊದಲ ವರ್ಷದ ಹೆಸರನ್ನು ಅವರೇ ಹೇಳಲಿ.

ಪ್ರಕಟಣೆಗೆ ಅಕ್ಟೋಬರ್ ಸಂಚಿಕೆಯಲ್ಲಿ ಕಾಲು ಪುಟ ಇಟ್ಟಿದ್ದೇನೆ, ದುಡ್ಡು ಬೇಡ. ತಿದ್ದಿದ ನಿಯಮಾವಳಿ ಸೆಪ್ಟೆಂಬರ್ 15ರೊಳಗೆ ಕೈಸೇರಲಿ. ತಾವೇ ಬೆಳಗಾವಿಗೆ ಬರುವುದಾದರೆ ಮಂಗಳವಾರ ಬಿಟ್ಟು ಯಾವ ದಿನವಾದರೂ ಬನ್ನಿ. ಆ ದಿನ ಅಣ್ಣನ ಚೀಟಿ ಹಿಡಿದು ಸರದಿಯಲ್ಲಿ ಕೂರುವವರು ಈಗ ನೀವೇ ಅಲ್ಲವೇ.