ಜೂಜು ಬಿಟ್ಟ ಮೇಲೆ ಬದುಕು ಸಪ್ಪೆ ಆಗಿದೆ. ಆ ಥ್ರಿಲ್ ಇಲ್ಲದೆ ಇರೋದು ಹೇಗೆ?

ಆನ್‌ಲೈನ್ ಆಟ ಬಿಟ್ಟು ಏಳು ತಿಂಗಳಾಯಿತು, ಸಾಲ ತೀರುತ್ತಾ ಬಂತು, ಮನೆಯವರೆಲ್ಲ ನೆಮ್ಮದಿಯಾಗಿದ್ದಾರೆ, ‘ನಾನು ಮಾತ್ರ ಕರೆಂಟ್ ಹೋದ ಮನೆ ಥರ ಇದ್ದೇನೆ’ ಅಂತ ಬರೆದಿದ್ದೀರಿ. ಆ ಮನೆ ನನಗೆ ಚೆನ್ನಾಗಿ ಗೊತ್ತು. ಸುಮಾರು ಒಂದೂವರೆ ವರ್ಷ ಅಲ್ಲೇ ಇದ್ದೆ.

ನನ್ನ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಊರು ಮದ್ದೂರು ಕಡೆ. ಕೆಲಸ ಬೊಮ್ಮಸಂದ್ರದ ಒಂದು ಫ್ಯಾಕ್ಟರಿಯಲ್ಲಿ. 2019ರಿಂದ 2023ರ ಜೂನ್‌ವರೆಗೆ ಫೋನಿನಲ್ಲಿ ರಮ್ಮಿ, ಐಪಿಎಲ್ ಬಂದರೆ ಜೊತೆಗೆ ಬೆಟ್ಟಿಂಗ್. ಹೋದದ್ದು 11 ಲಕ್ಷ ಚಿಲ್ಲರೆ. ಒಡವೆ ಗಿರವಿಗೆ ಹೋಗಿರೋದು ಹೆಂಡತಿಗೆ ಗೊತ್ತಾದ ದಿನ ಆಟ ನಿಂತಿತು. ಆ ದಿನದ ಬಗ್ಗೆ ಇಲ್ಲಿ ಬರೆಯಲ್ಲ.

ಈಗ ಥ್ರಿಲ್ ವಿಷಯ. ಗೆದ್ದ ದಿನಗಳು ನನಗೆ ಸರಿಯಾಗಿ ನೆನಪೇ ಇಲ್ಲ. ಒಂದು ರಾತ್ರಿ 42 ಸಾವಿರ ಬಂದಿತ್ತು, ಅದನ್ನು ಏನು ಮಾಡಿದೆ ಅಂತ ಕೇಳಿದರೆ ಹೇಳಕ್ಕೆ ಬರಲ್ಲ. ವಾಪಸ್ ಅಲ್ಲೇ ಸುರಿದಿರುತ್ತೇನೆ, ಇನ್ನೇನು. ನೆನಪಿರೋದು ಕಾಯುತ್ತಿದ್ದ ಹೊತ್ತು. ಕಳಾವರ್ ಆರು ಮತ್ತು ಎಂಟು ಕೈಯಲ್ಲಿದೆ. ಏಳು ಬಂದರೆ ಪ್ಯೂರ್ ಸೀಕ್ವೆನ್ಸ್, ಅಂದರೆ ಒಂದೇ ಗುರುತಿನ ಎಲೆಗಳ ಸಾಲು, ಆಟ ನನ್ನದು. ಎದುರಿಗಿರೋನು ಎಲೆ ಎಳೆಯೋಕೆ ಸತಾಯಿಸ್ತಿದ್ದಾನೆ. ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಕೂತಿದ್ದೇನೆ. ಬಕೆಟ್ ತುಂಬಿ ಹರೀತಿದೆ, ಕಾಲು ಜೋಮು ಹಿಡಿದಿದೆ. ಏಳು ಬರುತ್ತೋ ಇಲ್ವೋ? ಆ ‘ಬರುತ್ತೋ ಇಲ್ವೋ’ ಇದೆಯಲ್ಲ, ನಶೆ ಇದ್ದದ್ದು ಅಲ್ಲಿ. ಏಳು ಬಂದರೂ ನಶೆ ಇಳೀತಿತ್ತು, ಬರದಿದ್ದರೂ ಇಳೀತಿತ್ತು. ಮತ್ತೆ ಏರಿಸಕ್ಕೆ ಇನ್ನೊಂದು ಆಟ.

ನಿಮ್ಹಾನ್ಸ್‌ನಲ್ಲಿ ನನ್ನನ್ನು ನೋಡಿದ ಡಾಕ್ಟರ್‌ಗೆ ಇದನ್ನು ಹೇಳಿದಾಗ ಅವರು ಆಶ್ಚರ್ಯ ಪಡಲಿಲ್ಲ. ಮಿದುಳು ಕೆಲಸ ಮಾಡೋದೇ ಹಾಗೆ ಅಂದರು. ಆಮೇಲೆ ನಾನೇ ಹುಡುಕಿ ಓದಿದೆ. 2003ರಲ್ಲಿ ವೋಲ್ಫ್‌ರಾಮ್ ಶುಲ್ಟ್ಸ್ ಅನ್ನೋ ವಿಜ್ಞಾನಿ ಮತ್ತು ಅವರ ಜೊತೆಯವರು ಕೋತಿಗಳ ಮೇಲೆ ಮಾಡಿದ ಒಂದು ಪ್ರಯೋಗ ಇದೆ. ಪರದೆ ಮೇಲೆ ಒಂದು ಚಿತ್ರ ತೋರಿಸ್ತಾರೆ, ಸ್ವಲ್ಪ ಹೊತ್ತಾದ ಮೇಲೆ ಜ್ಯೂಸ್ ಕೊಡ್ತಾರೆ. ಕೆಲವು ಚಿತ್ರಕ್ಕೆ ಜ್ಯೂಸ್ ಗ್ಯಾರಂಟಿ, ಕೆಲವಕ್ಕೆ ಇಲ್ಲವೇ ಇಲ್ಲ, ಕೆಲವಕ್ಕೆ ಸಿಕ್ಕರೆ ಸಿಕ್ತು. ಕಾಯುವ ಹೊತ್ತಿನಲ್ಲಿ ಡೋಪಮಿನ್ (ಮಿದುಳಿನಲ್ಲಿ ಆಸೆ ಕೆರಳಿಸೋ ರಾಸಾಯನಿಕ) ಬಿಡೋ ನರಕೋಶಗಳ ಚಟುವಟಿಕೆ ಏರುತ್ತಾ ಹೋಗಿದ್ದು ಅತಿ ಹೆಚ್ಚು ಯಾವಾಗ ಗೊತ್ತಾ? ಫಿಫ್ಟಿ-ಫಿಫ್ಟಿ ಇದ್ದಾಗ. ಅದನ್ನು ಓದಿ ನಕ್ಕುಬಿಟ್ಟೆ. ನಾಲ್ಕು ವರ್ಷ ಬಾತ್‌ರೂಮಿನಲ್ಲಿ ನಾನು ಮಾಡಿದ್ದೂ ಅದನ್ನೇ. ಕೋತಿಗಾದರೂ ಜ್ಯೂಸ್ ಸಿಕ್ತು.

ಥ್ರಿಲ್ ಬರೀ ಎಲೆಯಲ್ಲೂ ಇರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿಟ್ಟು ಆಡೋ ಆನ್‌ಲೈನ್ ಆಟ ನಿಷೇಧ ಮಾಡಿದರು. ಮರುವರ್ಷ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಡುವಿನ ಆ ನಾಲ್ಕು ತಿಂಗಳು ನನ್ನ ಆ್ಯಪ್ ಕರ್ನಾಟಕದೊಳಗೆ ತೆರೀತಿರಲಿಲ್ಲ. ನಾನೇನು ಮಾಡಿದೆ? ಶಿಫ್ಟ್ ಮುಗಿಸಿ ಬೈಕ್ ಹತ್ತಿ ಅತ್ತಿಬೆಲೆ ದಾಟಿ ಹೊಸೂರಿಗೆ ಹೋಗ್ತಿದ್ದೆ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಟೀ ಅಂಗಡಿ, ಮೂಲೆ ಬೆಂಚು. ಲೊಕೇಶನ್ ತಮಿಳುನಾಡು ಅಂತ ಬಂದ ಕೂಡಲೇ ಆ್ಯಪ್ ತೆರೀತಿತ್ತು, ಮೈ ಜುಮ್ ಅಂತಿತ್ತು. ಮನೆಗೆ ಫೋನ್ ಮಾಡಿ ‘ಓಟಿ ಇದೆ’ ಅಂತಿದ್ದೆ. ಸುಳ್ಳು ಹೇಳೋದು, ಎರಡನೇ ಸಿಮ್ ಬಚ್ಚಿಡೋದು, ಬ್ಯಾಂಕಿನ ಮೆಸೇಜ್ ಬಂದ ಕೂಡಲೇ ಅಳಿಸೋದು, ಎಲ್ಲವೂ ಆಟದ ಭಾಗವೇ ಆಗಿತ್ತು. ಹಾಗಾಗಿ ‘ಆಟ ಬಿಟ್ಟೆ’ ಅಂದರೆ ಇವೆಲ್ಲ ಒಟ್ಟಿಗೆ ಹೋದವು. ದಿನದಲ್ಲಿ ಅಷ್ಟು ದೊಡ್ಡ ತೂತು ಬೀಳುತ್ತೆ.

ಇನ್ನೊಂದು ವಿಷಯ ಬಿಟ್ಟ ಹೊಸದರಲ್ಲಿ ಗೊತ್ತಾಗಲ್ಲ. ಮೊದಲ ಕೆಲವು ತಿಂಗಳು ನನಗೆ ಸಪ್ಪೆ ಅನ್ನಿಸಲೇ ಇಲ್ಲ. ಯಾಕೆ ಹೇಳಿ? ಸಾಲಗಾರರ ಫೋನು, ಕೈಗಡ ಕೊಟ್ಟ ಸ್ನೇಹಿತರಿಂದ ತಪ್ಪಿಸಿಕೊಂಡು ಓಡಾಡೋದು, ಈ ತಿಂಗಳ ಕಂತು ಕಟ್ತೀನೋ ಇಲ್ವೋ ಅನ್ನೋ ಚಡಪಡಿಕೆ. ಎದೆ ಢವಢವ ಹಾಗೇ ನಡೀತಿತ್ತು. ಭಾವ ಬಂದು ಎಲ್ಲರನ್ನೂ ಕೂರಿಸಿ ಲೆಕ್ಕ ಮಾಡಿ, ತಿಂಗಳಿಗೆ ಇಷ್ಟು ಅಂತ ಬರೆದುಕೊಟ್ಟರಲ್ಲ, ಆ ವಾರ ಶುರುವಾಯಿತು ಮಂಕು. ನಿಮಗೂ ಸಾಲ ತೀರುತ್ತಾ ಬಂದ ಹೊತ್ತಿಗೇ ಇದು ಬಂದಿರೋದು ನನಗೆ ವಿಚಿತ್ರ ಅನ್ನಿಸಲ್ಲ.

ಆ ಮಂಕಿನಲ್ಲಿ ನಾನೊಂದು ಎಡವಟ್ಟು ಮಾಡಿದೆ. ನೀವು ಮಾಡಬೇಡಿ. ಲೈನ್‌ನಲ್ಲಿ ಜೊತೆಗಿದ್ದ ಹುಡುಗ ಆಪ್ಶನ್ಸ್ ಟ್ರೇಡಿಂಗ್ ತೋರಿಸಿದ, ಅಂದರೆ ಷೇರುಪೇಟೆ ಏರುತ್ತೋ ಇಳಿಯುತ್ತೋ ಅಂತ ದುಡ್ಡು ಹಾಕೋದು. ಇದು ಜೂಜಲ್ಲ, ಓದಿಕೊಂಡು ಮಾಡೋದು, ನೋಡಿ ಚಾರ್ಟ್ ಇದೆ ಅಂದ. ಎರಡು ಗುರುವಾರ, ಆಗ ನಿಫ್ಟಿ ಎಕ್ಸ್‌ಪೈರಿ (ಆ ವಾರದ ವ್ಯವಹಾರ ಮುಗಿಯೋ ದಿನ) ಗುರುವಾರ ಇತ್ತು, 12 ಸಾವಿರ ಹೋಯಿತು. ದುಡ್ಡು ಹೋಗಿದ್ದಕ್ಕೆ ಅಲ್ಲ ನಾನು ಹೆದರಿದ್ದು. ಅಂಗೈಯಲ್ಲಿ ಅದೇ ಬೆವರು, ಅದೇ ಬಾತ್‌ರೂಮು, ಅದೇ ನಲ್ಲಿ. ಆಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆ ಮೇಲೆ ಕಣ್ಣಿಡೋ ಸೆಬಿ ಲೆಕ್ಕ ಹೊರಗೆ ಹಾಕಿತು. ಮೂರು ವರ್ಷದಲ್ಲಿ ಎಫ್‌ ಅಂಡ್‌ ಓ (ಫ್ಯೂಚರ್ಸ್, ಆಪ್ಶನ್ಸ್ ವ್ಯವಹಾರ) ಮಾಡಿದ ನೂರು ಸಾಮಾನ್ಯ ಜನರಲ್ಲಿ 93 ಮಂದಿ ಕಳೆದುಕೊಂಡಿದ್ದಾರೆ. ನಮ್ಮಂಥವರು ಆ ಬಾಗಿಲು ತಟ್ಟಲೇಬಾರದು.

ಥ್ರಿಲ್ ಬೇಕಾದರೆ ಟ್ರೆಕಿಂಗ್ ಹೋಗು, ಜಿಮ್ ಸೇರು, ಬುಲೆಟ್ ತಗೋ ಅಂತ ಹೇಳೋರು ಜಾಸ್ತಿ. ತಪ್ಪೇನಿಲ್ಲ. ನಾನೂ ಸಾವನದುರ್ಗ ಹತ್ತಿದೆ. ಮೇಲೆ ನಿಂತು ಎಲ್ಲರೂ ಫೋಟೋ ತೆಗೀತಿದ್ದರು, ನನಗೆ ಕಾಲು ನೋವು ಬಿಟ್ಟರೆ ಏನೂ ಅನ್ನಿಸಲಿಲ್ಲ. ಅಷ್ಟೇ ಜೋರಾದ ಇನ್ನೊಂದನ್ನು ಹುಡುಕಿದರೆ ಸಿಗೋದು ಇನ್ನೊಂದು ಚಟ, ಇಲ್ಲಾಂದ್ರೆ ನಿರಾಸೆ. ಇದು ನನ್ನ ಅಭಿಪ್ರಾಯ, ಬೇರೆಯವರಿಗೆ ಬೇರೆ ಥರ ಆಗಿರಬಹುದು.

ನನಗೆ ದಾರಿ ಅರ್ಥವಾಗಿದ್ದು ಅವ್ವನಿಂದ. ಅವ್ವನಿಗೆ ಬಿಪಿ ಬಂದು ಉಪ್ಪು ಕಮ್ಮಿ ಮಾಡಿಸಿದ್ದರು. ಮೊದಲ ತಿಂಗಳು ಬಸ್ಸಾರು ಮುಂದಿಟ್ಟರೆ ಅತ್ತೇ ಬಿಡೋಳು. ಇದನ್ನ ತಿನ್ನೋ ಬದಲು ಸಾಯೋದೇ ವಾಸಿ ಅನ್ನೋಳು. ಕದ್ದು ಉಪ್ಪಿನಕಾಯಿ ನೆಕ್ಕಿ ಸಿಕ್ಕಿಬಿದ್ದಿದ್ದೂ ಉಂಟು. ಆರೇಳು ತಿಂಗಳಾದ ಮೇಲೆ ಒಂದು ಮದುವೆ ಊಟಕ್ಕೆ ಕರೆದುಕೊಂಡು ಹೋದೆ. ಸಾರು ಬಾಯಿಗಿಟ್ಟವಳೇ ಮುಖ ಕಿವುಚಿ, ‘ಇದೇನ್ಲಾ, ಇಷ್ಟೊಂದು ಉಪ್ಪ ಸುರ್ದವ್ರೆ!’ ಅಂದಳು. ಪಕ್ಕದಲ್ಲಿ ಕೂತ ನನಗೆ ಆ ಸಾರು ಸರಿಯಾಗೇ ಇತ್ತು. ಅವಳ ನಾಲಿಗೆ ಬದಲಾಗಿತ್ತು, ಅವಳಿಗೇ ಗೊತ್ತಿಲ್ಲದ ಹಾಗೆ. ಸಾರಿಗೆ ಉಪ್ಪಿನ ಬದಲು ಇನ್ನೇನೋ ಹಾಕಿ ಸರಿ ಮಾಡಿದ್ದಲ್ಲ. ಸುಮ್ನೆ ಸಪ್ಪೆ ಉಂಡುಕೊಂಡೇ ದಿನ ದೂಡಿದಳು.

ನಾನೂ ಹಾಗೇ ಉಂಡೆ. ಸಂಬಳ ಹೆಂಡತಿ ಖಾತೆಗೆ ಹಾಕಿಸಿದೆ. ನನ್ನ ಖಾತೆಯಲ್ಲಿ ಪೆಟ್ರೋಲಿಗೆ, ಟೀಗೆ ಆಗೋಷ್ಟು ಮಾತ್ರ. ರಾತ್ರಿ ಒಂಬತ್ತೂವರೆಗೆ ಫೋನ್ ಅವಳ ಕೈಗೆ. ನಾನು ಆಡ್ತಿದ್ದದ್ದೇ ಒಂಬತ್ತೂವರೆ ಮೇಲೆ, ಅದಕ್ಕೆ. 2024ರ ಯುಗಾದಿಗೆ ಊರಿಗೆ ಹೋಗಲಿಲ್ಲ. ನಮ್ಮ ಕಡೆ ಯುಗಾದಿ ಅಂದರೆ ತೋಟದಲ್ಲಿ ಟವೆಲ್ ಹಾಸಿ ಅಂದರ್ ಬಾಹರ್. ಆಡದವನನ್ನು ಗಂಡಸೇ ಅಲ್ಲ ಅನ್ನೋ ಥರ ನೋಡ್ತಾರೆ. ಆ ವರ್ಷ ಐಪಿಎಲ್ಲನ್ನೂ ನೋಡಲಿಲ್ಲ.

ಮತ್ತೆ ಆ ಒಂಬತ್ತೂವರೆ ಮೇಲೆ ಕೈ ಕಡಿಯುತ್ತಲ್ಲ, ಅದಕ್ಕೆ ಹಿಟ್ಟು ರುಬ್ಬೋದು ಕಲಿತೆ. ನಗಬೇಡಿ. ಇಡ್ಲಿ ಹಿಟ್ಟು. ರಾತ್ರಿ ರುಬ್ಬಿ, ಕೈಯಲ್ಲೇ ಕಲಸಿ ಮುಚ್ಚಿಟ್ಟರೆ ಬೆಳಗ್ಗೆ ಉಬ್ಬಿರುತ್ತೋ ಇಲ್ವೋ ಹೇಳಕ್ಕಾಗಲ್ಲ. ಡಿಸೆಂಬರ್‌ನಲ್ಲಿ ಬೆಂಗಳೂರಿನ ಚಳಿಗೆ ಹತ್ತು ಗಂಟೆ ಇಟ್ಟರೂ ಕೆಲವು ಸಲ ಅಲ್ಲಾಡಿರಲ್ಲ. ಕಂಬಳಿ ಸುತ್ತಿಟ್ಟು ನೋಡಿದ್ದೇನೆ. ಮೊದಲೆಲ್ಲ ಇದು ಹೆಂಡತಿಗೆ ಸಹಾಯ ಅಂತಷ್ಟೇ ಇತ್ತು. ಒಂದು ದಿನ ಅಲಾರಂಗೆ ಮುಂಚೆ ಎಚ್ಚರವಾಗಿ, ಬರಿಗಾಲಲ್ಲಿ ಅಡುಗೆಮನೆಗೆ ಹೋಗಿ ಮುಚ್ಚಳ ತೆಗೆದು ನೋಡಿದೆ. ಹಿಟ್ಟು ಪಾತ್ರೆ ಅಂಚಿಗೆ ಬಂದು ನಿಂತಿತ್ತು. ಖುಷಿಯಾಯಿತು. ಸಣ್ಣದು, ಆದರೆ ಆಯಿತು. ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು ಆಗ.

ಪೂರ್ತಿ ವಾಸಿಯಾಗಿದೆಯಾ ಅಂತ ಕೇಳಿದರೆ ಸುಳ್ಳು ಹೇಳಲ್ಲ. 2025ರ ಜೂನ್ 3, ಆರ್‌ಸಿಬಿ ಫೈನಲ್. ಮಗಳ ಹಠಕ್ಕೆ ಟಿವಿ ಮುಂದೆ ಕೂತೆ. ಕೊನೆ ಓವರ್, ಪಂಜಾಬ್‌ಗೆ 29 ಬೇಕು. ಹೇಜಲ್‌ವುಡ್‌ನ ಮೊದಲ ಎರಡು ಬಾಲಿಗೆ ರನ್ ಇಲ್ಲ. ಅಲ್ಲಿಗೆ ಕಪ್ ನಮ್ಮದೇ. ಕೊಹ್ಲಿ ಕಣ್ಣಲ್ಲಿ ನೀರು, ಮಗಳು ಸೋಫಾ ಮೇಲೆ ಕುಣೀತಿದ್ದಾಳೆ. ಆಗ ನನ್ನ ತಲೆಯೊಳಗಿನ ಹಳೇ ಗುಮಾಸ್ತ ಎದ್ದು ಕೂತ. ‘ಈ ಓವರಿಗೆ 20ರ ಮೇಲೆ ಅಂತ ಈಗ ಹಾಕಿದ್ರೆ ಒಳ್ಳೇ ರೇಟ್ ಸಿಗ್ತಿತ್ತು’ ಅಂದ. ಉಳಿದ ನಾಲ್ಕು ಬಾಲಿಗೆ ಶಶಾಂಕ್ ಸಿಂಗ್ ಸಿಕ್ಸ್, ಫೋರ್, ಸಿಕ್ಸ್, ಸಿಕ್ಸ್. 22! ಮನಸ್ಸಿನಲ್ಲೇ ಗೆದ್ದುಬಿಟ್ಟಿದ್ದೆ. ಊರೆಲ್ಲ 18 ವರ್ಷ ಕಾದ ಕಪ್‌ಗೆ ಪಟಾಕಿ ಹೊಡೀತಿದ್ದರೆ ನಾನು ಹಾಕದ ಬಾಜಿಗೆ ಬೆವೆತಿದ್ದೆ. ಮಗಳು ಕುತ್ತಿಗೆಗೆ ಜೋತುಬಿದ್ದ ಮೇಲೆ ಆ ಗುಮಾಸ್ತ ಲೆಡ್ಜರ್ ಮುಚ್ಚಿದ. (ಮರುದಿನ ಚಿನ್ನಸ್ವಾಮಿ ಸ್ಟೇಡಿಯಂ ಹತ್ತಿರ ಕಾಲ್ತುಳಿತಕ್ಕೆ 11 ಜನ ಸತ್ತರು. ಆ ರಾತ್ರಿಯನ್ನು ಖುಷಿಯಿಂದ ನೆನೆಯೋಕೂ ಈಗ ಮನಸ್ಸು ಬರಲ್ಲ.)

ಅವನು ಹೋಗಿಲ್ಲ. ಆದರೆ ಬರೋದು ಕಮ್ಮಿಯಾಗಿದೆ, ಬಂದರೂ ಜಾಸ್ತಿ ಹೊತ್ತು ಕೂರಲ್ಲ. 2025ರ ಆಗಸ್ಟ್‌ನಲ್ಲಿ ದುಡ್ಡಿಟ್ಟು ಆಡೋ ಆನ್‌ಲೈನ್ ಆಟಗಳನ್ನು ದೇಶಕ್ಕೇ ನಿಷೇಧ ಮಾಡಿದಾಗ ಭಾವ ‘ಇನ್ನು ನಿನಗೆ ಚಿಂತೆ ಇಲ್ಲ ಬಿಡು’ ಅಂದರು. ಒಳ್ಳೇದೇ ಆಯಿತು, ನಿಜ. ಆದರೆ ಹೊಸೂರಿಗೆ ಬೈಕ್ ಓಡಿಸಿದವನು ನಾನು. ಬೇಲಿ ಹಾಕಿದ ಮಾತ್ರಕ್ಕೆ ಹಸು ಹಸಿವು ಮರೆಯಲ್ಲ.

ನಿಮ್ಮ ವಿಷಯದಲ್ಲಿ ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬರೀ ಸಪ್ಪೆ ಆದರೆ ಕಾಯಬಹುದು. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂತಾದರೆ ಕಾಯಬೇಡಿ, ಡಾಕ್ಟರ್ ಹತ್ತಿರ ಹೋಗಿ. ರಾತ್ರಿ ಹೊತ್ತಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ನಾನು ಎರಡು ಸಲ ಮಾಡಿದ್ದೇನೆ.

ಇನ್ನೂ ಬರೆಯೋದಿತ್ತು. ಒಂಬತ್ತೂವರೆ ಆಗ್ತಾ ಬಂತು, ಹೆಂಡತಿ ಕೈ ಚಾಚಿಕೊಂಡು ನಿಂತಿದ್ದಾಳೆ. ಉದ್ದು ನೆನೆದಿದೆ. ಏನಾದರೂ ಕೇಳೋದಿದ್ದರೆ ಕೇಳಿ, ನಾಳೆ ಬೆಳಗ್ಗೆ ನೋಡುತ್ತೇನೆ.